ಮದುಮಗಳಿಗೆ ಐದು ನಿಮಿಷ

ಹೆಣ್ಣು ನೋಡಲು ಬಂದವರು "ಹಾಡು ಬರುತ್ತೇನಮ್ಮ?" ಎಂದು ಕೇಳಿದರೆ ಬರುತ್ತೆ ಅನ್ನಬೇಕು, ಇಲ್ಲವೇ ಬರಲ್ಲ ಅಂದು ತಲೆ ತಗ್ಗಿಸಬೇಕು. ನಜರ್‌ಬಾದಿನ ಏಕಾಂತಯ್ಯನವರ ಮಗಳು ಹೇಮಶ್ರೀ ಎರಡನ್ನೂ ಮಾಡಲಿಲ್ಲ. "ಹಾಡು ಬರಲ್ಲ, ಬೇಕಾದ್ರೆ ಭಾಷಣ ಮಾಡ್ತೀನಿ" ಅಂದುಬಿಟ್ಟಳು.

ಹೇಳಿದ್ದು ತಮಾಷೆಗೆ. ಆದರೆ ಹುಡುಗನ ತಂದೆ ಸಿದ್ದಲಿಂಗಸ್ವಾಮಿಯವರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ತಮಾಷೆ ಎನ್ನುವುದು ಅವರ ಸಿಲಬಸ್ಸಿನಲ್ಲೇ ಇರಲಿಲ್ಲ. ಕೇಸರಿಬಾತಿನ ತಟ್ಟೆ ಪಕ್ಕಕ್ಕಿಟ್ಟು, "ಭೇಷ್!" ಎಂದರು. "ಆರತಕ್ಷತೆ ದಿನ ಮದುಮಗಳ ಭಾಷಣ. ಐದು ನಿಮಿಷ. ನಾಲ್ಕನೇ ನಿಮಿಷಕ್ಕೆ ಒಂದು ಗಂಟೆ ಹೊಡೀತೀನಿ, ಐದಕ್ಕೆ ಎರಡು. ಎರಡನೇ ಗಂಟೆ ಆದ್ಮೇಲೆ ಒಂದಕ್ಷರ ಮಾತಾಡಂಗಿಲ್ಲ. ನಮ್ಮ ಸ್ಕೂಲಿನ ಚರ್ಚಾಸ್ಪರ್ಧೆ ರೂಲು."

ಎಲ್ಲರೂ ನಕ್ಕರು. ನಗದೆ ಇದ್ದವರು ಮೇಷ್ಟರೊಬ್ಬರೇ ಎಂದು ಹೇಮಶ್ರೀಗೆ ತಿಳಿದದ್ದು ಮೂರು ತಿಂಗಳ ಮೇಲೆ, ಆರತಕ್ಷತೆಯ ದಿನ ಬೆಳಗ್ಗೆ ಏಳು ಗಂಟೆಗೆ. ಯಾದವಗಿರಿಯಿಂದ ಫೋನು ಬಂತು. "ಸಾಯಂಕಾಲ ಏಳೂ ಕಾಲಿಗೆ ನಿನ್ನ ಭಾಷಣ ಕಣಮ್ಮ. ಗಂಟೆ ಉಜ್ಜಿ ಇಟ್ಟಿದೀನಿ."

ಹೇಮಶ್ರೀ ಮೈಕಿಗೇನೂ ಹೊಸಬಳಲ್ಲ. ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಮೂರು ವರ್ಷದಿಂದ ಅನೌನ್ಸ್‌ಮೆಂಟು ಮಾಡುತ್ತಿದ್ದವಳು ಅವಳೇ. "ಪ್ರಯಾಣಿಕರ ಗಮನಕ್ಕೆ, ನಂಜನಗೂಡು ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವ ಬಸ್ಸು..." ಎಂದು ಅವಳ ದನಿ ಹೊರಟರೆ, ಕಡಲೆಕಾಯಿ ಮಾರುವವನೂ ಒಂದು ಗಳಿಗೆ ಬಾಯಿ ಮುಚ್ಚುತ್ತಿದ್ದ. ಆದರೆ ಅದು ಬೆಂಕಿಪೊಟ್ಟಣದಷ್ಟು ಕೋಣೆ. ಮುಂದೆ ಗೋಡೆ, ಗೋಡೆಯ ಮೇಲೆ ವೇಳಾಪಟ್ಟಿ. ಎದುರಿಗೆ ಮನುಷ್ಯರ ಮುಖ ಇಟ್ಟು ಮಾತಾಡು ಎಂದರೆ ಅವಳ ನಾಲಿಗೆ ಬಿಸಿ ಅಂಬಲಿಗೆ ಬಿದ್ದ ನೊಣದಂತೆ ಒದ್ದಾಡಿ ಸುಮ್ಮನಾಗುತ್ತಿತ್ತು.

ಆದರೂ ಈ ಭಾಷಣವನ್ನು ತಪ್ಪಿಸಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಕಾರಣ ಆ ಕೆಲಸವೇ. ಹೆಣ್ಣು ನೋಡಿದ ದಿನ ಅವಳು ಧೈರ್ಯ ಮಾಡಿ, "ಮದುವೆ ಆದ್ಮೇಲೂ ನಾನು ಕೆಲಸಕ್ಕೆ ಹೋಗ್ಬೋದಾ?" ಎಂದು ಕೇಳಿದ್ದಳು. ಹುಡುಗನ ತಾಯಿ ಶಾಂತಾದೇವಿಯವರು "ಅದೆಲ್ಲ ಆಮೇಲೆ ನೋಡೋಣ ಬಿಡಮ್ಮ" ಎಂದಿದ್ದರು. ನಮ್ಮ ಕಡೆ 'ನೋಡೋಣ' ಅಂದರೆ ಏನರ್ಥ ಅನ್ನುವುದು ಹಸುಗೂಸಿಗೂ ಗೊತ್ತು. ಅಲ್ಲಿಂದ ಮೂರು ತಿಂಗಳು ಹೇಮಶ್ರೀ ಈ ಒಂದು ಮಾತನ್ನು ಬೀಗರಿಗೆ ಮುಟ್ಟಿಸಲು ಹೆಣಗಿದಳು. ಅಪ್ಪನಿಗೆ ಹೇಳಿದಳು, ಅವರು ಕೆಮ್ಮಿದರು. ಅಮ್ಮನಿಗೆ ಹೇಳಿದಳು, ಅವರು ಅತ್ತರು. ಹುಡುಗ ಮೃತ್ಯುಂಜಯನಿಗೇ ಫೋನಿನಲ್ಲಿ ಹೇಳೋಣವೆಂದರೆ ಅತ್ತ ಕಡೆ ಮೇಷ್ಟರು, ಇತ್ತ ಕಡೆ ಅಮ್ಮ ಪ್ರೇಮಲೀಲಾ, ಇಬ್ಬರೂ ಟೆಲಿಫೋನ್ ಕಂಬದ ಹಾಗೆ ನಿಂತಿರುತ್ತಿದ್ದರು.

ಹಾಗಾಗಿ ಅವಳು ಫೋನು ಇಟ್ಟೊಡನೆ ಕೂತು ಒಂದು ಹಾಳೆಯಲ್ಲಿ ಒಂಬತ್ತು ಸಾಲು ಬರೆದಳು. ಎಂಟು ಸಾಲು ವಂದನೆ, ಸಂತೋಷ, ಆಶೀರ್ವಾದ. ಒಂಬತ್ತನೆಯದು: 'ಮದುವೆಯ ನಂತರವೂ ನಾನು ನನ್ನ ಕೆಲಸವನ್ನು ಮುಂದುವರಿಸುತ್ತೇನೆ.'

ಅರಿಶಿನ ಹಚ್ಚಿಸಿಕೊಂಡು ಬಂದು ನೋಡುತ್ತಾಳೆ, ಹಾಳೆ ಅಮ್ಮನ ಕೈಯಲ್ಲಿದೆ.

"ಇದೇನೇ ಇದು ಕೊನೇ ಸಾಲು? ಬೀಗರ ಮುಂದೆ, ಐನೂರು ಜನದ ಮುಂದೆ! ಮೊದಲು ಕುತ್ತಿಗೆಗೆ ತಾಳಿ ಬೀಳ್ಲಿ, ಆಮೇಲೆ ನಿಧಾನಕ್ಕೆ ಗಂಡನ ಕಿವೀಲಿ ಹೇಳ್ಕೊ."

"ಆಮೇಲೆ ಹೇಳಿದ್ರೆ ಅದು ಜಗಳ ಕಣಮ್ಮ. ಮುಂಚೆ ಹೇಳಿದ್ರೆ ಭಾಷಣ."

"ನಾನು ಅಳಿಸ್ಬುಡ್ತೀನಿ."

"ಅಳಿಸು. ನಂಗೆ ಬಾಯಿಪಾಠ ಆಗಿದೆ."

ಪ್ರೇಮಲೀಲಾ ಇನ್ನೇನೋ ಅನ್ನಬೇಕು, ಅಷ್ಟರಲ್ಲಿ ಸೋದರಮಾವ ಕರಿಬಸವಯ್ಯನವರ ಸ್ಕೂಟರು ಚಪ್ಪರದ ಕಂಬ ಸವರಿಕೊಂಡು ಒಳಕ್ಕೇ ಬಂತು. ಕರಿಬಸವಯ್ಯ ಅಂದರೆ ನಜರ್‌ಬಾದಿಗೆಲ್ಲ ಮೈಕಿನ ಮಾವ. ಸನ್ಮಾನ ಇರಲಿ, ಶ್ರದ್ಧಾಂಜಲಿ ಇರಲಿ, ಗಣಪತಿ ಪೆಂಡಾಲಿರಲಿ, ನಿರೂಪಣೆ ಅವರದೇ. ಹಾಳೆ ಇಸಕೊಂಡು ಕನ್ನಡಕ ಏರಿಸಿದರು. ಓದಿದರು. ಹಿಂದೆ ತಿರುಗಿಸಿ ನೋಡಿದರು.

"ಸಂಬೋಧನೆ ಎಲ್ಲಮ್ಮ?"

"ಇದೆಯಲ್ಲ ಮಾವ. 'ಎಲ್ಲರಿಗೂ ನಮಸ್ಕಾರ' ಅಂತ."

ಕರಿಬಸವಯ್ಯನವರು ಹಾವು ಮೆಟ್ಟಿದವರಂತೆ ಹಿಂದೆ ಸರಿದರು. "ಎಲ್ಲರಿಗೂ! ಎಲ್ಲರಿಗೂ ಅಂದ್ರೆ ಯಾರಿಗೂ ಅಲ್ಲ ಅಂತ ಕಣಮ್ಮ! ಸಂಬೋಧನೆ ಇಲ್ದಿರೋ ಭಾಷಣ ಒಗ್ಗರಣೆ ಇಲ್ದಿರೋ ಸಾರು. ವೇದಿಕೆ ಮೇಲಿನವರು, ಮುಂದಿನ ಸಾಲಿನವರು, ನೆಂಟರು, ಇಷ್ಟರು, ಒಬ್ಬೊಬ್ಬರ ಹೆಸರೂ ಹಿಡೀಬೇಕು. ಕೊಡು ಪೆನ್ನು."

ಅಲ್ಲಿಂದ ಶುರುವಾಯಿತು. ಮೊದಲು ಮಠದ ಸ್ವಾಮಿಗಳು. "ಅವರು ಬರ್ತಾರೋ ಇಲ್ವೋ ಗೊತ್ತಿಲ್ಲ, ಹೆಸರು ಬಂದಿರ್ಬೇಕು." ಆಮೇಲೆ ಬೀಗರು, ಬೀಗಿತ್ತಿಯರು, ಅವರ ಅಣ್ಣತಮ್ಮಂದಿರು. ಕರಿಬಸವಯ್ಯನವರು ಯಾರನ್ನೂ ಬೋಳುಬೋಳಾಗಿ ಬಿಡಲಿಲ್ಲ. ಒಬ್ಬರು 'ಸರಳ ಸಜ್ಜನಿಕೆಯ ಸಾಕಾರಮೂರ್ತಿ', ಇನ್ನೊಬ್ಬರು 'ಕೊಡುಗೈ ದಾನಿ'. ತಮ್ಮ ಹೆಸರಿನ ಮುಂದೆ ತಾವೇ 'ಮಾತಿನ ಮಲ್ಲ' ಎಂದು ಸಣ್ಣಗೆ ಬರೆದುಕೊಂಡರು.

ಪಕ್ಕದ ಮನೆ ಪುಟ್ಟಲಿಂಗಮ್ಮ ಕರಿಬೇವು ಕೇಳಲು ಬಂದವಳು ಕರಿಬೇವು ಮರೆತು ಪಟ್ಟಿಯ ಮೇಲೆ ಬಗ್ಗಿದಳು. "ನಮ್ಮ ಯಜಮಾನ್ರ ಹೆಸರು ಎಲ್ಲೈತೆ?"

"ಅವರು ಬರಲ್ಲ ಅಂದ್ರಲ್ಲ ಆಂಟಿ, ಮಂಡಿನೋವು ಅಂತ."

"ಹೆಸರು ಹಾಕು, ಬತ್ತಾರೆ. ಮೈಕಲ್ಲಿ ಹೆಸರು ಕೂಗ್ತಾರೆ ಅಂದ್ರೆ ಮಂಡಿ ತಂತಾನೇ ನೆಟ್ಟಗಾಯ್ತದೆ."

ಪುಟ್ಟಲಿಂಗಮ್ಮ ಮನೆಗೆ ಹೋದಳು ಎಂದರೆ ಸುದ್ದಿ ಬೀದಿಗೆ ಹೋಯಿತು ಎಂದೇ. ಹತ್ತು ಗಂಟೆಗೆಲ್ಲ ಏಕಾಂತಯ್ಯನವರ ಮನೆ ಮುಂದೆ ವೋಟರ್ ಲಿಸ್ಟು ನೋಡಲು ಬಂದವರ ಹಾಗೆ ಜನ ಸೇರಿದರು. ಹೆಸರಿದ್ದವರು ಇನಿಶಿಯಲ್ಲು ಸರಿಯಿದೆಯಾ ಎಂದು ನೋಡಿದರು. ಹೆಸರಿಲ್ಲದವರು ಏಕಾಂತಯ್ಯನವರಿಗೆ ತಾವು ಯಾವ ಯಾವ ಕಾಲದಲ್ಲಿ ಏನೇನು ಉಪಕಾರ ಮಾಡಿದ್ದೆವು ಎಂದು ನೆನಪಿಸಿದರು. ಹೆಸರು ಬಿಟ್ಟುಹೋದರೆ ಊಟ ಮುಟ್ಟದೆ ಎದ್ದುಹೋಗುತ್ತೇವೆ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಮುಖದಲ್ಲೇ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಯುದ್ಧವೇ ಆಯಿತು. ಚಿಕ್ಕಪ್ಪ ಮಹದೇವಯ್ಯನವರ ಹೆಸರಿಗಿಂತ ಎದುರುಮನೆ ಮರಿಸ್ವಾಮಿಯವರ ಹೆಸರು ಮೇಲಿತ್ತು.

"ರಕ್ತಸಂಬಂಧ ಕೆಳಗೆ, ರಸ್ತೆ ಸಂಬಂಧ ಮೇಲೆ!" ಮಹದೇವಯ್ಯ ಶಲ್ಯ ಕೊಡವಿದರು.

"ಹತ್ತು ವರ್ಷ ನಮ್ಮನೆ ನಲ್ಲೀಲಿ ನೀರು ಹಿಡ್ದೋರು ಈ ಮನೆಯವರು. ಆಗ ರಕ್ತ ಎಲ್ಲಿತ್ತು?" ಮರಿಸ್ವಾಮಿಯವರೂ ಬಿಡಲಿಲ್ಲ.

ಕರಿಬಸವಯ್ಯನವರು ಕೈಯೆತ್ತಿದರು. "ಜಗಳ ಬೇಡ. ವರ್ಣಮಾಲೆ ಪ್ರಕಾರ ಹಾಕ್ಬುಡೋಣ."

"ಇಬ್ಬರದೂ ಮ ಕಣ್ರೀ!"

"ಎರಡನೇ ಅಕ್ಷರ ನೋಡಿ."

ಸ್ಕೂಲು ಬಿಟ್ಟು ನಲವತ್ತು ವರ್ಷವಾಗಿದ್ದ ಮಹದೇವಯ್ಯ ಚಪ್ಪರದ ಕೆಳಗೆ ನಿಂತು, ಬೆರಳು ಮಡಚುತ್ತ, "ಯ ರ ಲ ವ ಶ ಷ ಸ..." ಎಂದು ಎಣಿಸಿದರು. 'ಹ' ಬಂದಾಗ ಮುಖ ಹರಳೆಣ್ಣೆ ಕುಡಿದಂತಾಯಿತು. ಅವರನ್ನು ಸಮಾಧಾನ ಮಾಡಲು 'ವಂಶದ ಹಿರಿಯ ಕೊಂಡಿ' ಎಂದು ಒಂದು ಬಿರುದು ಕೊಡಬೇಕಾಯಿತು. ಮರಿಸ್ವಾಮಿಯವರಿಗೂ ಒಂದು ಬೇಕಾಯಿತು. ಹೀಗೆ ಹಾಳೆ ಎರಡಾಯಿತು, ಮೂರಾಯಿತು. ಹೇಮಶ್ರೀಯ ಒಂಬತ್ತು ಸಾಲಿನಲ್ಲಿ ಎಂಟು ಸಾಲು ಜಾಗ ಸಾಲದೆ ಬಿದ್ದುಹೋದವು. ಒಂಬತ್ತನೆಯದು ಮಾತ್ರ ನಾಲ್ಕನೇ ಹಾಳೆಯ ತಳದಲ್ಲಿ, ಸೀಟು ಸಿಗದೆ ಫುಟ್‌ಬೋರ್ಡಿನಲ್ಲಿ ನೇತಾಡುವ ಪ್ರಯಾಣಿಕನಂತೆ ಉಳಿಯಿತು.

ನಾಲ್ಕು ಗಂಟೆಗೆ ಜಡೆ ಹೆಣೆಸಿಕೊಳ್ಳುತ್ತ ಹೇಮಶ್ರೀ ಪಟ್ಟಿ ಓದಿದಳು. ಮೂರನೇ ಹಾಳೆಯಲ್ಲಿ ಅವಳ ಕಣ್ಣು ನಿಂತಿತು.

"ಅಮ್ಮಾ, ಸಣ್ಣಮಾದಯ್ಯನವರು ಅಂತಿದೆ. ಅವರು ತೀರ್ಕೊಂಡು ನಾಲ್ಕು ವರ್ಷ ಆಯ್ತಲ್ಲ?"

"ಅವರ ಮನೆಯವರು ಬರ್ತಾರಲ್ಲ, ಕೇಳಿ ಸಂತೋಷ ಪಡ್ತಾರೆ."

"ಇದು ನಿನ್ನ ಅಕ್ಷರ."

ಪ್ರೇಮಲೀಲಾ ಮಲ್ಲಿಗೆ ದಂಡೆಯಲ್ಲಿ ಏನನ್ನೋ ಹುಡುಕತೊಡಗಿದರು. ಹೇಮಶ್ರೀ ಹಾಳೆ ತಿರುವಿದಳು. ಅಲ್ಲೊಂದು, ಇಲ್ಲೊಂದು, ಒಟ್ಟು ಹದಿನೇಳು ಹೆಸರು ಅಮ್ಮನ ಗುಂಡು ಅಕ್ಷರದಲ್ಲಿದ್ದವು. ಆಗ ಅವಳಿಗೆ ಹೊಳೆಯಿತು. ಐದು ನಿಮಿಷ, ಮೇಷ್ಟರ ಎರಡನೇ ಗಂಟೆ. ಹೆಸರುಗಳಲ್ಲೇ ಐದು ನಿಮಿಷ ಮುಗಿದರೆ ಕೊನೇ ಸಾಲು ಬರುವುದೇ ಇಲ್ಲ. ಅಳಿಸಲಾಗದ್ದನ್ನು ಅಮ್ಮ ಹೂಳುತ್ತಿದ್ದಾರೆ!

"ಅಮ್ಮಾ!"

"ಏನೋ ತಾಯಿ ಕರುಳು ಕಣೇ" ಎಂದು ಪ್ರೇಮಲೀಲಾ ಮೂಗೊರೆಸಿಕೊಂಡು, ಹೂವಿನ ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟರು.

ಈಗ ಹೆಸರು ಹೊಡೆದುಹಾಕುವ ಹಾಗಿಲ್ಲ. ಇಡೀ ಬೀದಿ ಪಟ್ಟಿ ನೋಡಿ ಹೋಗಿದೆ. ಬೇಗಬೇಗ ಓದುವುದೊಂದೇ ದಾರಿ. ಕಾರಿನಲ್ಲಿ ಛತ್ರಕ್ಕೆ ಹೋಗುವಷ್ಟು ಹೊತ್ತೂ ಹೇಮಶ್ರೀ ತುಟಿ ಅಲ್ಲಾಡಿಸುತ್ತಲೇ ಇದ್ದಳು. ನೋಡಿದವರು, "ಪಾಪ, ಹುಡುಗಿ ಎಷ್ಟು ಭಕ್ತಿಯಿಂದ ಶಿವನಾಮ ಹೇಳ್ಕೊತಿದಾಳೆ" ಅಂದುಕೊಂಡರು.

ಛತ್ರದ ವೇದಿಕೆಯ ಮೇಲೆ ಕೆಂಪು ವೆಲ್ವೆಟ್ಟಿನ ಎರಡು ಸಿಂಹಾಸನ. ಒಂದರಲ್ಲಿ ಮೃತ್ಯುಂಜಯ, ಕಡುನೀಲಿ ಸೂಟಿನಲ್ಲಿ, ಕರ್ಚೀಫು ನೆನೆಯುವಷ್ಟು ಬೆವರುತ್ತ ಕೂತಿದ್ದ. ಹೇಮಶ್ರೀ ಕೂತೊಡನೆ ಅವಳ ಕಡೆ ಬಾಗಿ, "ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು" ಎಂದ.

"ಹೇಳಿ" ಎಂದಳು, ಮನಸ್ಸಿನಲ್ಲಿ ಎರಡನೇ ಹಾಳೆ ಓದುತ್ತ.

"ಸರ್, ಈ ಕಡೆ! ಮೇಡಂ, ಗದ್ದ ಮೇಲೆ!" ಎಂದ ಫೋಟೋದವನು. ಆಮೇಲೆ ಉಡುಗೊರೆ ಹಿಡಿದವರ ಸಾಲು ಬಂತು. ಮೃತ್ಯುಂಜಯನ ಮಾತು ಅವನ ಗಂಟಲಲ್ಲೇ ಉಳಿಯಿತು.

ಸರಿಯಾಗಿ ಏಳೂ ಕಾಲಿಗೆ ವಾಲಗ ನಿಂತಿತು. ಮುಂದಿನ ಸಾಲಿನ ಮಧ್ಯದಲ್ಲಿ ಸಿದ್ದಲಿಂಗಸ್ವಾಮಿ ಮೇಷ್ಟರು ಒಂದು ಕೈಯಲ್ಲಿ ಗಡಿಯಾರ, ಒಂದು ಕೈಯಲ್ಲಿ ಹಿತ್ತಾಳೆ ಗಂಟೆ ಹಿಡಿದು ಕೂತರು. ಪಕ್ಕದಲ್ಲಿ ಶಾಂತಾದೇವಿ. ಯಾಕೋ ಇಬ್ಬರ ಮುಖವೂ ಬಾಡಿತ್ತು. ಭಾಷಣ ಬೇಡವಾಗಿತ್ತೇನೋ ಎಂದುಕೊಂಡಳು ಹೇಮಶ್ರೀ.

ಕರಿಬಸವಯ್ಯನವರು ಮೈಕು ಊದಿ, "ಈಗ ನವವಧು, ನಮ್ಮೆಲ್ಲರ ಕಣ್ಮಣಿ..." ಎಂದು ತಾವೇ ಎರಡು ನಿಮಿಷ ಮಾತಾಡಿ ಮೈಕು ಕೊಟ್ಟರು.

ಹೇಮಶ್ರೀ ಎದ್ದಳು. ಎದುರಿಗೆ ಐನೂರು ಮುಖ. ಹಾಳೆಯ ಮೇಲೆ ಕಣ್ಣಿಟ್ಟು ಓದತೊಡಗಿದಳು. "ಪರಮಪೂಜ್ಯ ಶ್ರೀಗಳವರೇ..." ಶ್ರೀಗಳು ಬಂದಿರಲಿಲ್ಲ, ಅವರ ಖಾಲಿ ಕುರ್ಚಿಗೇ ನಮಸ್ಕಾರ ಮಾಡಿದಳು. "ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳಾದ..."

ಅವಳು ಲೆಕ್ಕ ಹಾಕದೆ ಇದ್ದ ಒಂದು ಸಂಗತಿ ಆಗ ನಡೆಯಿತು. ಹೆಸರು ಕರೆದವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತು, ಸಭೆಗೆ ಬೆನ್ನು ತೋರಿಸಬಾರದೆಂದು ಸುತ್ತ ತಿರುಗಿ, ಕೈಮುಗಿದು, ಪಂಚೆ ಸರಿಮಾಡಿಕೊಂಡು ಕೂರತೊಡಗಿದರು. ಅವರು ಕೂರುವ ತನಕ ಮುಂದಿನ ಹೆಸರು ಓದುವ ಹಾಗಿಲ್ಲ. ಪುಟ್ಟಲಿಂಗಮ್ಮನ ಯಜಮಾನರಂತೂ ಮಂಡಿ ಹಿಡಿದುಕೊಂಡು ಏಳಲು ಅರ್ಧ ನಿಮಿಷ, ಕೂರಲು ಅರ್ಧ ನಿಮಿಷ ತೆಗೆದುಕೊಂಡರು. ಹೇಮಶ್ರೀ ಎರಡನೇ ಹಾಳೆಯ ನಡುವಿನಲ್ಲಿದ್ದಳು.

"ಟಿಣ್!"

ನಾಲ್ಕು ನಿಮಿಷ ಮುಗಿಯಿತು. ಉಳಿದದ್ದು ಒಂದು. ಮುಂದೆ ಎರಡೂವರೆ ಹಾಳೆ ಹೆಸರು, ಅದರಾಚೆ ಅವಳ ಬದುಕು. ಸಭೆಯ ಮೂಲೆಯಲ್ಲಿ ಅಮ್ಮ ಕಣ್ಣುಮುಚ್ಚಿ ಕೊರಳಿನ ಇಷ್ಟಲಿಂಗದ ಕರಡಿಗೆ ಹಿಡಿದುಕೊಂಡಿದ್ದು ಕಂಡಿತು. ಮಹದೇವಯ್ಯ ತಮ್ಮ ಸರದಿ ಬಂತೆಂದು ಆಗಲೇ ಅರ್ಧ ಎದ್ದಿದ್ದರು.

ಹೇಮಶ್ರೀ ಹಾಳೆಗಳನ್ನು ಸಿಂಹಾಸನದ ಮೇಲಿಟ್ಟಳು. ಛತ್ರದ ಹಿಂಗೋಡೆಯನ್ನು ನೆಟ್ಟಗೆ ನೋಡಿದಳು. ಮುಖಗಳು ಕರಗಿದವು, ಗೋಡೆ ಮಾತ್ರ ಉಳಿಯಿತು. ಮೂರು ವರ್ಷದ ಅಭ್ಯಾಸ ತಾನಾಗಿ ಬಾಯಿಗೆ ಬಂತು.

"ಪ್ರಯಾಣಿಕರ ಗಮನಕ್ಕೆ!"

ಐನೂರು ಜನ ಒಟ್ಟಿಗೆ ಮಾತು ನಿಲ್ಲಿಸಿದರು. ಇಬ್ಬರು ಅಭ್ಯಾಸಬಲದಿಂದ ಬ್ಯಾಗು ಎತ್ತಿಕೊಂಡರು.

"ನಜರ್‌ಬಾದಿನಿಂದ ಯಾದವಗಿರಿಗೆ ಹೊರಡುವ ಹೇಮಶ್ರೀ ಎಂಬ ಗಾಡಿಯು ನಾಳೆ ಬೆಳಗ್ಗೆ ಮುಹೂರ್ತದ ನಂತರ ಹೊರಡಲಿದೆ. ಸದರಿ ಗಾಡಿಯು ಅತ್ತೆ ಮಾವನವರ ಮನೆಯಲ್ಲಿ ಸಂತೋಷದಿಂದ ತಂಗುತ್ತದೆ. ಆದರೆ ಪ್ರತಿದಿನ ಬೆಳಗ್ಗೆ ಎಂಟು ಗಂಟೆಗೆ ಯಾದವಗಿರಿಯಿಂದ ಹೊರಟು ಬಸ್ ಸ್ಟ್ಯಾಂಡಿನ ಕೆಲಸಕ್ಕೆ ಹೋಗಿ, ಸಂಜೆ ಐದೂವರೆಗೆ ಮನೆ ತಲುಪುತ್ತದೆ. ಮದುವೆಯ ಕಾರಣದಿಂದ ಈ ವೇಳಾಪಟ್ಟಿಯಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ. ಇರುವುದಿಲ್ಲ. ಪ್ರಯಾಣಿಕರು ಸಹಕರಿಸಬೇಕಾಗಿ ವಿನಂತಿ."

"ಟಿಣ್ ಟಿಣ್!"

ಸಿದ್ದಲಿಂಗಸ್ವಾಮಿ ಮೇಷ್ಟರು ಎದ್ದರು. ಗಂಟೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. ಶಾಂತಾದೇವಿ ಹಿಂದೆಯೇ ಬಂದರು. ಅಮ್ಮ ಮೂಲೆಯಲ್ಲಿ ಕುಸಿದು ಕೂತದ್ದು ಹೇಮಶ್ರೀಗೆ ಕಂಡಿತು.

ಮೇಷ್ಟರು ಮೈಕು ತಗೊಂಡರು. ಅವರ ಕಣ್ಣಲ್ಲಿ ನೀರಿತ್ತು. "ಕೇಳಿಕೊಂಡ್ರಾ ಎಲ್ಲಾರೂ? ಬದಲಾವಣೆ ಇಲ್ಲ ಅಂದಿದಾಳೆ ನನ್ನ ಸೊಸೆ! ಎರಡು ಸಲ ಅಂದಿದಾಳೆ! ಮೂವತ್ತೊಂದು ವರ್ಷದಲ್ಲಿ ಇಂಥ ಭಾಷಣ ಕೇಳಿಲ್ಲ. ಮೊದಲನೇ ಬಹುಮಾನ!"

ಶಾಂತಾದೇವಿಯವರಂತೂ ಸೊಸೆಯ ಕೆನ್ನೆ ಹಿಡಿದು, "ನಮ್ಮವ್ವ, ನೀನು ಆ ಕೆಲಸ ಬಿಟ್ಬುಡ್ತೀಯೇನೋ ಅಂತ ನಾಲ್ಕು ದಿನದಿಂದ ಅನ್ನ ಸೇರಿಲ್ಲ ಕಣೇ ನಂಗೆ" ಎಂದು ಬಿಕ್ಕಿದರು. ಸಭೆ ಚಪ್ಪಾಳೆ ಹೊಡೆಯಿತು. ವಾಲಗದವರು ತಾವೂ ಇರಲೆಂದು ಗಟ್ಟಿಮೇಳ ಬಾರಿಸಿದರು.

ಗೆದ್ದವಳಿಗೆ ಗೆಲುವು ಅರ್ಥವಾಗಲಿಲ್ಲ. ಇಷ್ಟು ಸಂತೋಷ ಯಾಕೆ? ಒಪ್ಪಿಕೊಳ್ಳುತ್ತಾರೆ ಎಂದರೂ ಮುಖ ಗಂಟಿಕ್ಕಿ ಒಪ್ಪಬೇಕಿತ್ತಲ್ಲ? ಹೇಮಶ್ರೀ ಪಕ್ಕಕ್ಕೆ ತಿರುಗಿದಳು. "ನೀವೇನೋ ಹೇಳ್ಬೇಕು ಅಂತಿದ್ರಲ್ಲ?"

ಮೃತ್ಯುಂಜಯ ಕರ್ಚೀಫು ಹಿಂಡಿದ. "ಕಡಕೊಳದ ನಮ್ಮ ಫ್ಯಾಕ್ಟರಿನ ಹೊಸೂರಿಗೆ ಎತ್ತಂಗಡಿ ಮಾಡ್ತಿದಾರೆ. ಬರೋರು ಬನ್ನಿ, ಬರ್ದೇ ಇರೋರು ರಾಜೀನಾಮೆ ಬರ್ಕೊಡಿ ಅಂದ್ರು. ಶುಕ್ರವಾರ ನಾನು... ಬರ್ಕೊಟ್ಬುಟ್ಟೆ."

"ಅಂದ್ರೆ?"

"ಅಂದ್ರೆ ನಂಗೀಗ ಕೆಲಸ ಇಲ್ಲ." ಅವನು ತಲೆಯೆತ್ತಲಿಲ್ಲ. "ಮುಹೂರ್ತಕ್ಕೆ ಮುಂಚೆ ಹೇಳ್ಲೇಬೇಕು ಅಂತ ಅಪ್ಪ. ಎಂಗೆ ಹೇಳೋದು ಅಂತ ಅಮ್ಮ. ನಿಮಗೆ ಬೇಡ ಅನ್ಸಿದ್ರೆ ಈಗ್ಲೇ ಹೇಳ್ಬುಡಿ. ತಪ್ಪೆಲ್ಲ ನಂದೇ ಅಂತ ನಾನೇ ಮೈಕಲ್ಲಿ ಹೇಳ್ತೀನಿ."

ಹೇಮಶ್ರೀ ಸಿಂಹಾಸನದ ಕೈ ಹಿಡಿದು ಮೆಲ್ಲಗೆ ಕೂತಳು. ತನ್ನ ಕೆಲಸ ಉಳಿಸಿಕೊಳ್ಳಲು ಬೆಳಗಿನಿಂದ ಊರೆಲ್ಲರ ಜೊತೆ ಗುದ್ದಾಡಿ ಬಂದರೆ, ಮನೆಗೆ ಉಳಿದದ್ದೇ ಆ ಒಂದು ಕೆಲಸ! ಅದನ್ನು ಬಿಡುವುದಿಲ್ಲ ಎಂದು ಐನೂರು ಜನರ ಮುಂದೆ ತಾನೇ ಸಾರಿಬಿಟ್ಟಿದ್ದಾಳೆ. ನಾಳೆ ನೆಗಡಿಯಾಯಿತು ಎಂದು ರಜ ಹಾಕುವ ಹಾಗೂ ಇಲ್ಲ.

"ಹೊಸೂರಿಗೆ ಹೋಗ್ಬೋದಿತ್ತಲ್ಲ ನೀವು?" ಸ್ವಲ್ಪ ಸಿಟ್ಟಿನಿಂದಲೇ ಕೇಳಿದಳು.

"ಹೋದ್ರೆ ನೀವೂ ಬರ್ಬೇಕಾಗ್ತಿತ್ತು." ಮೃತ್ಯುಂಜಯ ಕೋಟಿನ ಗುಂಡಿ ತಿರುವಿದ. "ಎರಡು ವರ್ಷದಿಂದ ದಿನಾ ಬೆಳಗ್ಗೆ ಫ್ಯಾಕ್ಟರಿಗೆ ಹೋಗೋಕೆ ನಂಜನಗೂಡಿನ ಬಸ್ಸಿಗೆ ಕಾಯ್ತಾ ನಿಮ್ಮ ದನಿ ಕೇಳಿದೀನಿ. ಬಸ್ಸು ಲೇಟು ಅಂತ ನೀವು ಹೇಳಿದ್ರೂ ಜನ ಬೇಜಾರು ಮಾಡ್ಕೊಳಲ್ಲ. ಅದನ್ನ ಬಿಡ್ಸಿ ಕರ್ಕೊಂಡು ಹೋಗೋಕೆ... ಮನಸ್ಸು ಬರ್ಲಿಲ್ಲ."

ಹೇಮಶ್ರೀ ಸಿಟ್ಟನ್ನು ಹುಡುಕಿದಳು. ಈಗ ತಾನೇ ಇತ್ತು, ಎಲ್ಲಿ ಹೋಯಿತೋ ಸಿಗಲಿಲ್ಲ. ಕೆಳಗೆ ಹೆಸರು ಬಿಟ್ಟುಹೋದ ಅರವತ್ತು ಜನ ಕರಿಬಸವಯ್ಯನವರನ್ನು ಸುತ್ತುವರಿದಿದ್ದರು. ಅಮ್ಮನಿಗೆ ಯಾರೋ ನೀರು ಕುಡಿಸುತ್ತಿದ್ದರು. ಪಕ್ಕದಲ್ಲಿ ಈ ಮನುಷ್ಯ ಪರೀಕ್ಷೆ ಫಲಿತಾಂಶಕ್ಕೆ ಕಾದವನಂತೆ ಕೂತಿದ್ದ.

"ಬೇರೆ ಕೆಲಸ ಸಿಗೋವರ್ಗೂ ಏನ್ ಮಾಡ್ತೀರಿ?" ಎಂದಳು.

ಆ 'ಸಿಗೋವರ್ಗೂ' ಕೇಳಿದ್ದೇ ಮೃತ್ಯುಂಜಯನ ಮುಖ ದಸರೆಯ ಅರಮನೆಯಂತೆ ಒಮ್ಮೆಲೇ ಹೊತ್ತಿಕೊಂಡಿತು. "ನೀವು ಎಂಟಕ್ಕೆ ಹೊರಡ್ಬೇಕಲ್ಲ, ಏಳೂವರೆಗೆ ಬಿಸಿಬಿಸಿ ಡಬ್ಬಿ ಕಟ್ಟಿ ಕೊಡ್ತೀನಿ! ಅಡುಗೆ ಜಾಸ್ತಿ ಬರಲ್ಲ. ಉಪ್ಪಿಟ್ಟು ಒಂದು ಚೆನ್ನಾಗಿ ಬರುತ್ತೆ. ದಿನಾ ಮಾಡ್ಲಾ?"

ಹೇಮಶ್ರೀಗೆ ಈ ಲೋಕದಲ್ಲಿ ಸೇರದ ತಿಂಡಿ ಇದ್ದದ್ದು ಒಂದೇ ಒಂದು, ಅದು ಉಪ್ಪಿಟ್ಟು. ಹೇಳಲು ಬಾಯಿ ತೆರೆದಳು. ಅವನು ಕಣ್ಣರಳಿಸಿ ಅವಳನ್ನೇ ನೋಡುತ್ತಿದ್ದ.

ಅತ್ತೆ ಮಾವ, ಬಂಧು ಬಳಗ, ಐನೂರು ಜನರ ಮುಂದೆ ತನಗೆ ಬೇಕಾದ್ದನ್ನು ಎರಡೆರಡು ಸಲ ಸಾರಿದ ಹೆಣ್ಣುಮಗಳು, ಆ ಒಬ್ಬನ ಮುಂದೆ ಉಗುಳು ನುಂಗಿಕೊಂಡು, "ಮಾಡಿ" ಅಂದಳು. "ನಂಗೆ ಇಷ್ಟಾನೇ."